ಹೋಬಳಿಯ ಮಾಜಿ ಸೈನಿಕರ ಸಂಘ: ನಡಾವಳಿ ಪುಸ್ತಕಗಳಲ್ಲಿ ಕಂಡ ಚರಿತ್ರೆ

ನಮ್ಮ ಹೋಬಳಿಯ ಮಾಜಿ ಸೈನಿಕರ ಸಂಘವು ಸ್ಮರಣ ಸಂಚಿಕೆಯೊಂದನ್ನು ಹೊರತರಲು ತೀರ್ಮಾನಿಸಿದಾಗ, ಸಂಘದ ಚರಿತ್ರೆ ಬರೆದುಕೊಡುವ ಕೆಲಸ ನಿವೃತ್ತ ಶಾಲಾ ಮಾಸ್ತರನಾದ ನನ್ನ ಪಾಲಿಗೆ ಬಂತು. ನಾನು ಸೈನ್ಯದಲ್ಲಿದ್ದವನಲ್ಲ, ಹವಾಲ್ದಾರರಾಗಿ ಪಿಂಚಣಿಗೆ ಬಂದವರೊಬ್ಬರ ಮಗ. ಸಂಚಿಕೆಗೆ ಬೇಕಾಗಿದ್ದುದು ಎರಡು ಪುಟ: ಯಾರ ನಂತರ ಯಾರು ಅಧ್ಯಕ್ಷರಾದರು, ಧ್ವಜಸ್ತಂಭದ ಖರ್ಚು ಯಾರು ಕೊಟ್ಟರು, ಕಟ್ಟಡದ ಉದ್ಘಾಟನೆಗೆ ಯಾವ ಗಣ್ಯರು ಬಂದಿದ್ದರು. ಅಷ್ಟನ್ನು ಬರೆದುಕೊಟ್ಟಾಯಿತು. ಆದರೆ ಅದಕ್ಕಾಗಿ ತಿರುವಿಹಾಕಿದ ನಡಾವಳಿ ಪುಸ್ತಕಗಳಲ್ಲಿ ಅಧ್ಯಕ್ಷರ ಹೆಸರುಗಳಿಗಿಂತ ಹತ್ತು ಪಾಲು ಹೆಚ್ಚಾಗಿ ಕಂಡದ್ದು ಅರ್ಜಿಗಳ ಸಂಗತಿ. ಯಾರ ಹೆಸರು ಯಾವ ಕಾಗದದಲ್ಲಿ ಇಲ್ಲ, ಅದನ್ನು ಸೇರಿಸುವುದಕ್ಕೆ ಏನು ಮಾಡಬೇಕು ಎಂಬ ಒಂದೇ ಪ್ರಶ್ನೆಯ ಸುತ್ತ ಸಂಘ ಇಷ್ಟು ವರ್ಷ ನಡೆದುಕೊಂಡು ಬಂದಿದೆ ಎಂದು ನನಗೆ ತೋರಿತು. ಸಂಚಿಕೆಯಲ್ಲಿ ಹಿಡಿಸದ ಆ ಭಾಗವನ್ನು ಇಲ್ಲಿ ಬರೆಯುತ್ತಿದ್ದೇನೆ.

ಕೊಡಗಿನಲ್ಲಿ ಸೈನ್ಯದ ಮಾತೆತ್ತಿದರೆ ಮೊದಲು ಬರುವುದು ಎರಡು ಹೆಸರು. 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ದಂಡನಾಯಕರಾದ ಕೆ. ಎಂ. ಕಾರ್ಯಪ್ಪನವರದು ಒಂದು, 1957ರಿಂದ 1961ರವರೆಗೆ ಸೇನಾ ಮುಖ್ಯಸ್ಥರಾಗಿದ್ದು, ಆಮೇಲೆ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಪಡೆಯ ನಾಯಕರಾಗಿರುವಾಗಲೇ 1965ರ ಡಿಸೆಂಬರ್‌ನಲ್ಲಿ ತೀರಿಕೊಂಡ ಕೆ. ಎಸ್. ತಿಮ್ಮಯ್ಯನವರದು ಇನ್ನೊಂದು. ಜನವರಿ 28ಕ್ಕೆ ಒಬ್ಬರ ಜಯಂತಿ, ಮಾರ್ಚ್ 31ಕ್ಕೆ ಇನ್ನೊಬ್ಬರದು. ತಿಮ್ಮಯ್ಯನವರು ಹುಟ್ಟಿ ಬೆಳೆದ ಮಡಿಕೇರಿಯ ‘ಸನ್ನಿ ಸೈಡ್’ ಮನೆ 2021ರಲ್ಲಿ ರಾಷ್ಟ್ರಪತಿಗಳಿಂದ ಉದ್ಘಾಟನೆಗೊಂಡು ವಸ್ತುಸಂಗ್ರಹಾಲಯವಾಗಿದೆ. ಗೋಣಿಕೊಪ್ಪಲಿನ ಕಾವೇರಿ ಕಾಲೇಜಿನ ಆವರಣದಲ್ಲಿ 2017ರಲ್ಲಿ ಇಬ್ಬರ ಪ್ರತಿಮೆಗಳನ್ನೂ ಆಗಿನ ಸೇನಾ ಮುಖ್ಯಸ್ಥರಾದ ಜನರಲ್ ಬಿಪಿನ್ ರಾವತ್ ಅನಾವರಣ ಮಾಡಿದರು. ಇವೆಲ್ಲ ಎಲ್ಲರಿಗೂ ಗೊತ್ತಿರುವ ವಿಚಾರಗಳೇ. ಜಯಂತಿಯ ಭಾಷಣಗಳಲ್ಲಿ ಕಡಿಮೆ ಕೇಳಿಬರುವುದೆಂದರೆ, 1953ರಲ್ಲಿ ನಿವೃತ್ತರಾಗಿ, ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ಗೆ ಹೈಕಮಿಷನರ್ ಆಗಿದ್ದು, ಕೊನೆಗೆ ಮಡಿಕೇರಿಯ ‘ರೋಶನಾರ’ ಮನೆಯಲ್ಲಿ ನೆಲೆಸಿದ ಕಾರ್ಯಪ್ಪನವರು 1964ರಲ್ಲಿ ಭಾರತೀಯ ಮಾಜಿ ಸೈನಿಕರ ಲೀಗನ್ನು ಕಟ್ಟಿದರು ಎಂಬುದು. ಪಿಂಚಣಿಗೆ ಬಂದ ಸೇನಾಧಿಪತಿಯೊಬ್ಬರು ಪಿಂಚಣಿಗೆ ಬಂದ ಸಿಪಾಯಿಯ ಪರವಾಗಿ ಮಾಡಿದ ಕೆಲಸವದು. 1986ರಲ್ಲಿ ಬಂದ ಫೀಲ್ಡ್ ಮಾರ್ಷಲ್ ಪದವಿಯ ಹೊಳಪಿನಲ್ಲಿ ಆ ಕೆಲಸ ಹಿಂದೆ ಸರಿದುಬಿಟ್ಟಿದೆ ಎಂದು ನನ್ನ ಭಾವನೆ.

ನಮ್ಮ ಸಂಘ ಹುಟ್ಟಿದ್ದು ಅದೇ ಗಾಳಿಯಲ್ಲಿ, ಅರವತ್ತರ ದಶಕದ ಕೊನೆಯ ಭಾಗದಲ್ಲಿ; ನೋಂದಣಿಯಾದದ್ದು 1960ರ ಸಂಘಗಳ ನೋಂದಣಿ ಕಾಯ್ದೆಯಡಿ. ಸ್ಥಾಪಕ ಸದಸ್ಯರ ಪಟ್ಟಿಯನ್ನು ನೋಡಿದಾಗ ನನಗೆ ಆಶ್ಚರ್ಯ ತಂದದ್ದು ಅವರಲ್ಲಿ ಬಹುಪಾಲು ಜನರಿಗೆ ಪಿಂಚಣಿಯೇ ಇರಲಿಲ್ಲ ಎಂಬುದು. ಎರಡನೇ ಮಹಾಯುದ್ಧದ ಕಾಲಕ್ಕೆ ಬ್ರಿಟಿಷ್ ಭಾರತದ ಸೇನೆ ಸುಮಾರು 25 ಲಕ್ಷದವರೆಗೆ ಬೆಳೆದಿತ್ತು, ಯುದ್ಧ ಮುಗಿದ ಮೇಲೆ ಅದರ ಬಹುಭಾಗವನ್ನು ಬಿಡುಗಡೆ ಮಾಡಿ ಮನೆಗೆ ಕಳುಹಿಸಲಾಯಿತು. ಸಿಪಾಯಿಗೆ ಪಿಂಚಣಿ ಬರಬೇಕಾದರೆ 15 ವರ್ಷಗಳ ಸೇವೆ ಆಗಬೇಕು. ನಾಲ್ಕೈದು ವರ್ಷ ಬರ್ಮಾದಲ್ಲೋ ಮಧ್ಯಪ್ರಾಚ್ಯದಲ್ಲೋ ದುಡಿದು ಬಂದವರ ಕೈಗೆ ಸಿಕ್ಕಿದ್ದು ಒಂದಿಷ್ಟು ಇಡುಗಂಟು, ಕೆಲವು ಪದಕಗಳು ಮತ್ತು ಸೇವೆಯ ವಿವರವಿರುವ ಡಿಸ್ಚಾರ್ಜ್ ಬುಕ್. ಅವರು ಊರಿಗೆ ಮರಳಿದಾಗ ಕೊಡಗು ಚೀಫ್ ಕಮಿಷನರರ ಆಡಳಿತದ ಪುಟ್ಟ ಪ್ರಾಂತ್ಯವಾಗಿತ್ತು. ಆಮೇಲೆ ಅದು ‘ಸಿ’ ದರ್ಜೆಯ ರಾಜ್ಯವಾಯಿತು, 1956ರ ನವೆಂಬರ್ 1ರಂದು ಮೈಸೂರು ರಾಜ್ಯದೊಳಗೆ ಸೇರಿಹೋಯಿತು. ಹೀಗೆ ಒಂದೇ ಮನೆಯಲ್ಲಿ ಕುಳಿತಿದ್ದ ಮನುಷ್ಯನ ಮೇಲಿನ ಸರ್ಕಾರ ಎರಡು ಸಲ ಬದಲಾಗಿ, ಅವನ ಅರ್ಜಿ ಹೋಗಬೇಕಾದ ಊರೂ ಬದಲಾಯಿತು. ಅಂಥವರಿಗೆ 1962 ಮತ್ತು 1965ರ ಯುದ್ಧಗಳನ್ನು ಕಂಡು ಬಂದ ಕಿರಿಯರು ಜೊತೆಯಾದರು. ಬೈಲಾದ ಮೊದಲ ಕಲಮಿನಲ್ಲಿ ಅವರು ಬರೆದುಕೊಂಡ ಸದಸ್ಯತ್ವದ ಷರತ್ತು ಬಹಳ ಸರಳವಾಗಿದೆ: ಭೂ, ನೌಕಾ ಅಥವಾ ವಾಯುಪಡೆಯಲ್ಲಿ ಸೇವೆ ಸಲ್ಲಿಸಿ ಗೌರವದಿಂದ ಬಿಡುಗಡೆಯಾದವರೆಲ್ಲರೂ ಸದಸ್ಯರಾಗಬಹುದು. ಎಷ್ಟು ವರ್ಷ, ಯಾವ ಪಿಂಚಣಿ ಎಂಬ ಮಾತಿಲ್ಲ.

ಸಭೆಗಳು ಮೊದಲು ಶಾಲೆಯ ಜಗಲಿಯಲ್ಲಿ, ಆಮೇಲೆ ಸಹಕಾರ ಸಂಘದ ಗೋದಾಮಿನಲ್ಲಿ, ಕೊನೆಗೆ ಸ್ವಂತ ಕಟ್ಟಡದಲ್ಲಿ ನಡೆದಿವೆ. ಕಕ್ಕಡ ಮಾಸದ ಮಳೆಯಲ್ಲಿ ಸಭೆ ಇಲ್ಲ, ಕಾಫಿ ಕುಯ್ಲಿನ ತಿಂಗಳುಗಳಲ್ಲಿ ಕೋರಂ ಇಲ್ಲ, ಕೈಲ್ ಪೊಳ್ದ್ ಹಬ್ಬದ ವಾರ ಯಾರೂ ಮನೆ ಬಿಟ್ಟು ಕದಲುವುದಿಲ್ಲ. ಉಳಿದ ತಿಂಗಳುಗಳಲ್ಲಿ ಸಂತೆಯ ದಿನ ಸಭೆ ಕರೆದರೆ ಮಾತ್ರ ಜನ ಸೇರುತ್ತಾರೆ ಎಂದು ಪ್ರತಿಯೊಬ್ಬ ಹೊಸ ಕಾರ್ಯದರ್ಶಿಯೂ ಹೊಸದಾಗಿ ಕಂಡುಹಿಡಿದಂತೆ ಬರೆದಿಟ್ಟಿದ್ದಾರೆ. ಕಟ್ಟಡದ ಬಗ್ಗೆ ಹೇಳುವುದು ಹೆಚ್ಚೇನೂ ಇಲ್ಲ.

ಹೇಳಬೇಕಾದದ್ದು ಎಪ್ಪತ್ತರ ದಶಕದಿಂದ ಬಹಳ ಕಾಲ ಕಾರ್ಯದರ್ಶಿಯಾಗಿದ್ದವರ ಬಗ್ಗೆ. ಅವರು ಸೈನ್ಯದಲ್ಲಿ ಗುಮಾಸ್ತರ ಕೆಲಸ ಮಾಡಿ ಬಂದವರು, ಆಮೇಲೆ ಕಾಫಿ ತೋಟವೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಮೂವತ್ತೈದರ ಆಸುಪಾಸಿನಲ್ಲಿಯೇ ಸೇವೆ ಮುಗಿಸಿ ಬರುವ ನಮ್ಮ ಕಡೆಯ ಸಿಪಾಯಿ, ನಾಯಕ್, ಹವಾಲ್ದಾರರಿಗೆ ಎರಡನೆಯ ಉದ್ಯೋಗವೆಂದರೆ ಆಗ ಎರಡೇ: ತೋಟದ ರೈಟರ್ ಗಿರಿ, ಇಲ್ಲವಾದರೆ ಬ್ಯಾಂಕಿನ ಬಾಗಿಲಲ್ಲಿ ಕೋವಿ ಹಿಡಿದು ನಿಲ್ಲುವುದು. ಕಾಗದಪತ್ರ ಬಲ್ಲ ಈ ಕಾರ್ಯದರ್ಶಿಗೆ ಸೈನ್ಯದ ಕಚೇರಿಗಳ ನಕ್ಷೆ ಬಾಯಿಪಾಠವಾಗಿತ್ತು. ಮದ್ರಾಸ್ ರೆಜಿಮೆಂಟಿನವರ ದಾಖಲೆ ನೀಲಗಿರಿಯ ವೆಲ್ಲಿಂಗ್ಟನ್ನಿನಲ್ಲಿ, ಮದ್ರಾಸ್ ಎಂಜಿನಿಯರ್ಸ್‌ನವರದು ಬೆಂಗಳೂರಿನಲ್ಲಿ, ಆರ್ಟಿಲರಿಯವರದು ನಾಸಿಕದಲ್ಲಿ, ಸಿಗ್ನಲ್ಸ್‌ನವರದು ಜಬಲ್ಪುರದಲ್ಲಿ, ಯಂತ್ರೋಪಕರಣ ದುರಸ್ತಿಯ ಇಎಂಇಯವರದು ಸಿಕಂದರಾಬಾದಿನಲ್ಲಿ. ಅಲ್ಲಿಂದ ಎಲ್ಲ ಕಡತಗಳೂ ಪಿಂಚಣಿ ಮಂಜೂರಾತಿಗಾಗಿ ಹೋಗುವುದು ಅಲಹಾಬಾದಿಗೆ. ನಮ್ಮ ಹೋಬಳಿಯ ಎಷ್ಟೋ ಹೆಂಗಸರಿಗೆ ಮೈಸೂರಿಗಿಂತ ಹೆಚ್ಚು ಪರಿಚಯವಿದ್ದ ಊರಿನ ಹೆಸರು ಅಲಹಾಬಾದ್. ಅವರ ಜೀವನದ ಪ್ರಶ್ನೆ ಇತ್ಯರ್ಥವಾಗುವ ಊರು ಅದು.

ಗಂಡ ತೀರಿಕೊಂಡ ಮೇಲೆ ಹೆಂಡತಿ ಸಂಘದ ಬಾಗಿಲಿಗೆ ಬಂದರೆ ಕಾರ್ಯದರ್ಶಿ ಕೇಳುತ್ತಿದ್ದ ಮೊದಲ ಪ್ರಶ್ನೆ, ‘ಅಕ್ಕಾ, ಪೆಟ್ಟಿಗೆ ಉಂಟಾ?’ ಸೈನಿಕರಿರುವ ಪ್ರತಿಯೊಂದು ಮನೆಯ ಅಟ್ಟದಲ್ಲಿಯೋ ಮಂಚದ ಕೆಳಗೋ ಕಪ್ಪು ಬಣ್ಣದ ಕಬ್ಬಿಣದ ಟ್ರಂಕೊಂದು ಇದ್ದೇ ಇರುತ್ತದೆ. ಅದರ ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ನಂಬರು, ರ‍್ಯಾಂಕು, ಹೆಸರು, ಯೂನಿಟ್ಟು ಬರೆದಿರುತ್ತದೆ. ಕೊಡಗಿನ ಮಳೆಗೆ ಕಾಗದ ಬೂಸಲು ಹಿಡಿಯುತ್ತದೆ, ಬೂಸಲು ಬಿಟ್ಟದ್ದನ್ನು ಗೆದ್ದಲು ಮುಗಿಸುತ್ತದೆ. ಡಿಸ್ಚಾರ್ಜ್ ಬುಕ್ ಕೈಯಲ್ಲಿ ಹಿಡಿದರೆ ಪುಡಿಯಾಗುವ ಸ್ಥಿತಿಗೆ ಬಂದಿರುತ್ತದೆ. ಟ್ರಂಕಿನ ಮೇಲಿನ ನಂಬರು ಮಾತ್ರ ಉಳಿದಿರುತ್ತದೆ. ಆ ನಂಬರನ್ನು ಬರೆದುಕೊಂಡು ರೆಕಾರ್ಡ್ ಆಫೀಸಿಗೆ ಒಂದು ಪತ್ರ ಹಾಕಿದರೆ ಕಡತದ ತಲೆ ಸಿಕ್ಕಿದಂತೆ. ನಡಾವಳಿ ಪುಸ್ತಕದ ಅಂಚಿನಲ್ಲಿ ಅಲ್ಲಲ್ಲಿ ‘ಟ್ರಂಕ್ ನೋಡಿ ಬರೆದದ್ದು’ ಎಂಬ ಟಿಪ್ಪಣಿಯಿದೆ.

ಕಡತ ಸಿಕ್ಕಿದ ಮೇಲೆ ಎದುರಾಗುತ್ತಿದ್ದುದು ಹೆಸರಿನ ತೊಡಕು. ನಮ್ಮಲ್ಲಿ ಮನೆತನದ ಹೆಸರು ಮೊದಲು, ಆಮೇಲೆ ತಂದೆಯ ಹೆಸರು, ಕೊನೆಗೆ ಸ್ವಂತ ಹೆಸರು; ಭರ್ತಿಯ ದಿನ ಯಾವ ಗುಮಾಸ್ತ ಹೇಗೆ ಬರೆದುಕೊಂಡನೋ ಹಾಗೆ ಅದು ಜೀವನಪರ್ಯಂತ ಉಳಿಯುತ್ತದೆ. ಒಂದೇ ಮನೆತನದ ಅಣ್ಣನ ಹೆಸರು ಇಂಗ್ಲಿಷಿನ ‘ಸಿ’ಯಿಂದಲೂ ತಮ್ಮನದು ‘ಕೆ’ಯಿಂದಲೂ ಶುರುವಾದ ಉದಾಹರಣೆಗಳಿವೆ. ಊರು ಒಂದು ಕಾಗದದಲ್ಲಿ ಮರ್ಕೆರಾ, ಇನ್ನೊಂದರಲ್ಲಿ ಮಡಿಕೇರಿ. ರಾಜ್ಯ ಒಂದರಲ್ಲಿ ಕೂರ್ಗ್, ಇನ್ನೊಂದರಲ್ಲಿ ಮೈಸೂರು, 1973ರ ನಂತರದ್ದರಲ್ಲಿ ಕರ್ನಾಟಕ. ಹೆಂಗಸರ ವಿಷಯದಲ್ಲಂತೂ ಇದು ಇನ್ನೂ ಕಠಿಣ. ಮದುವೆಯಾದೊಡನೆ ಅವರ ಮನೆತನದ ಹೆಸರೇ ಬದಲಾಗುತ್ತದೆ, ಜೊತೆಗೆ ‘ಅಮ್ಮ’ ‘ಅವ್ವ’ಗಳ ವ್ಯತ್ಯಾಸ ಬೇರೆ, ಮಾತಿನಲ್ಲಿ ದೇಚವ್ವ ಆದವರು ಪಡಿತರ ಚೀಟಿಯಲ್ಲಿ ದೇಚಮ್ಮ ಆಗಿರುತ್ತಾರೆ. ಸೈನಿಕನೊಬ್ಬ ಮದುವೆಯಾದರೆ ಯೂನಿಟ್ಟು ಅದನ್ನು ‘ಪಾರ್ಟ್ ಟೂ ಆರ್ಡರ್’ ಎಂಬ ಸೇವಾ ದಾಖಲೆಯ ಆದೇಶದಲ್ಲಿ ಪ್ರಕಟಿಸಬೇಕು, ರಜೆಯಲ್ಲಿ ಬಂದು ಮದುವೆಯಾಗಿ, ಹಿಂತಿರುಗಿದೊಡನೆ ಗಡಿಗೆ ಹೋದ ಹುಡುಗರು ಎಷ್ಟೋ ಸಲ ಅದನ್ನು ಮಾಡಿಸಿಕೊಂಡಿರುವುದಿಲ್ಲ. ಹಳೆಯ ಪಿಂಚಣಿ ಆದೇಶಗಳಲ್ಲಿ ಹೆಂಡತಿಯ ಹೆಸರು ಬರೆಯುವ ಪದ್ಧತಿಯೂ ಇರಲಿಲ್ಲ. ಹೀಗಾಗಿ ನಲವತ್ತು ವರ್ಷ ಸಂಸಾರ ಮಾಡಿದಾಕೆ ತಾನು ಆತನ ಹೆಂಡತಿಯೇ ಹೌದೆಂದು ಸಾಬೀತುಪಡಿಸಲು ನೋಟರಿಯ ಮುಂದೆ ಅಫಿಡವಿಟ್ ಮಾಡಿ, ತಹಶೀಲ್ದಾರರಿಂದ ವಂಶವೃಕ್ಷ ತಂದು, ಇಂಥ ಹೆಸರಿನವರೂ ಅಂಥ ಹೆಸರಿನವರೂ ಒಬ್ಬರೇ ಎಂದು ಪತ್ರಿಕೆಯಲ್ಲಿ ಜಾಹೀರಾತು ಕೊಡಬೇಕಾಗಿತ್ತು. ಒಂದು ಕಚೇರಿಯವರು ನನ್ನ ತಾಯಿಯ ಅರ್ಜಿಯನ್ನು ಒಂದು ಅಕ್ಷರದ ವ್ಯತ್ಯಾಸಕ್ಕಾಗಿ ಹಿಂದಕ್ಕೆ ಕಳುಹಿಸಿದಾಗ, ಈ ಕಾರ್ಯದರ್ಶಿಯವರೇ ಬಂದು ಅಡುಗೆಮನೆಯ ಬಾಗಿಲಲ್ಲಿ ಕುಳಿತು ಅಫಿಡವಿಟ್ಟಿನ ಕರಡು ಬರೆದುಕೊಟ್ಟಿದ್ದರು. ನಾನು ಮಾಸ್ತರನಾಗಿದ್ದರೂ ಅಂಥ ಕರಡು ನನಗೆ ಬರುತ್ತಿರಲಿಲ್ಲ.

ಕಾಗದದಲ್ಲಿ ದಾಖಲಾಗದ ಸೇವೆಯು ಎಷ್ಟು ದೊಡ್ಡದಾದರೂ ಕಾಯಬೇಕಾಗುತ್ತದೆ ಎಂಬುದಕ್ಕೆ ನಮ್ಮ ಜಿಲ್ಲೆಯಲ್ಲಿಯೇ ದೊಡ್ಡ ನಿದರ್ಶನವಿದೆ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೋದ ಮಿಸ್ಟೇರ್ ವಿಮಾನಗಳಲ್ಲಿ ಒಂದನ್ನು ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯ ಹಾರಿಸಿದ್ದರು. ಅವರ ವಿಮಾನಕ್ಕೆ ಪೆಟ್ಟು ಬಿದ್ದಿದ್ದರೂ ತನಗಿಂತ ಎಷ್ಟೋ ವೇಗದ ಎಫ್-104 ಸ್ಟಾರ್‌ಫೈಟರನ್ನು ಎದುರಿಸಿ ಹೊಡೆದುರುಳಿಸಿ, ತಾವೂ ಅಲ್ಲಿಯೇ ಮಡಿದರು. ನಮ್ಮ ಕಡೆಯವರಿಗೆ ಗೊತ್ತಿದ್ದುದು ಒಂದು ವಿಮಾನ ಮರಳಲಿಲ್ಲ ಎಂಬುದಷ್ಟೇ. ಆ ಕಾಳಗದ ವಿವರ ಎದುರು ಪಾಳೆಯದ ಕಡೆಯಿಂದ ಬಹಳ ತಡವಾಗಿ ಹೊರಬಿದ್ದು, ಅವರಿಗೆ ಮಹಾವೀರ ಚಕ್ರ ಘೋಷಣೆಯಾದದ್ದು 1988ರಲ್ಲಿ, ಅಂದರೆ 23 ವರ್ಷಗಳ ನಂತರ. ಮಡಿಕೇರಿಯಲ್ಲಿ ಈಗ ಅವರ ಹೆಸರಿನ ವೃತ್ತವಿದೆ. ಆ ಸುದ್ದಿ ಬಂದ ವರ್ಷ ನಮ್ಮ ಸಂಘದ ಸಭೆಯಲ್ಲಿ ಅಭಿನಂದನೆಯ ನಿರ್ಣಯ ಅಂಗೀಕರಿಸಿದ ಮೇಲೆ, ಅದೇ ಪುಟದಲ್ಲಿ, ಬಾಕಿ ಉಳಿದಿರುವ ಕುಟುಂಬ ಪಿಂಚಣಿ ಅರ್ಜಿಗಳಿಗೆಲ್ಲ ಜ್ಞಾಪನ ಪತ್ರ ಕಳುಹಿಸಬೇಕೆಂದು ಇನ್ನೊಂದು ನಿರ್ಣಯ ಮಾಡಿದ್ದಾರೆ. ಎರಡನ್ನೂ ಒಂದೇ ಪುಟದಲ್ಲಿ ಬರೆದವರಿಗೆ ಅವುಗಳ ನಡುವಿನ ಸಂಬಂಧ ಚೆನ್ನಾಗಿಯೇ ಗೊತ್ತಿತ್ತು.

ಆ ಕಾಲದವರೆಗೂ ಹೆಂಗಸರು ಸಭೆಗೆ ಬಂದರೆ ಹೊರಗಿನ ಜಗಲಿಯಲ್ಲಿ ಕಾಯುತ್ತಿದ್ದರು. ಸದಸ್ಯತ್ವ ಸೈನಿಕರಿಗೆ ಮಾತ್ರ, ವಿಧವೆಯರಿಗೆ ‘ಸಹಾಯ’ ಮಾತ್ರ. ತೊಂಬತ್ತರ ದಶಕದಲ್ಲಿ ಬೈಲಾ ತಿದ್ದುಪಡಿಯಾಗಿ ಮೃತ ಸದಸ್ಯರ ಪತ್ನಿಯರಿಗೆ ಮತದಾನದ ಹಕ್ಕು ಸಹಿತ ಸದಸ್ಯತ್ವ ಸಿಕ್ಕಿತು. ಅದಕ್ಕೆ ವಿರೋಧವಿತ್ತು ಎಂಬುದನ್ನು ನಡಾವಳಿ ಮುಚ್ಚಿಟ್ಟಿಲ್ಲ. ‘ಇದು ಮಹಿಳಾ ಸಮಾಜವಲ್ಲ’ ಎಂದು ಹಿರಿಯ ಸುಬೇದಾರರೊಬ್ಬರು ಹೇಳಿದ್ದನ್ನು ಕಾರ್ಯದರ್ಶಿ ಹಾಗೆಯೇ ದಾಖಲಿಸಿದ್ದಾರೆ. ಇಂದು ಹಾಜರಿ ಪುಸ್ತಕದಲ್ಲಿ ಅರ್ಧದಷ್ಟು ಸಹಿಗಳು ಹೆಂಗಸರವು, ಮತ್ತು ಲೆಕ್ಕಪತ್ರ ಸರಿಯಾಗಿರುವುದು ಅವರು ಖಜಾಂಚಿಗಳಾದ ಮೇಲೆಯೇ.

ಜಮೀನಿನ ವಿಷಯವನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಅದು ಈವರೆಗೆ ಮುಗಿದಿಲ್ಲ. 1969ರ ಭೂ ಮಂಜೂರಾತಿ ನಿಯಮಗಳಲ್ಲಿ ಮಾಜಿ ಸೈನಿಕರಿಗೆ ಮೀಸಲು ಪಾಲಿದೆ. ಆದರೆ ಜಮ್ಮಾ, ಬಾಣೆ, ಪೈಸಾರಿ, ಸಿ ಮತ್ತು ಡಿ ಎಂದು ಹಲವು ಬಗೆಯ ಹಿಡುವಳಿಗಳಿರುವ ಕೊಡಗಿನಲ್ಲಿ, ಪೈಸಾರಿ, ಅಂದರೆ ಸರ್ಕಾರಿ ಪಾಳು, ಎಂದು ತೋರಿಸಿದ ಜಾಗ ಅಳತೆಯ ಹೊತ್ತಿಗೆ ಅರಣ್ಯವಾಗಿರುತ್ತದೆ, ಅಥವಾ ಅದಾಗಲೇ ಬೇರೊಬ್ಬರ ಕಾಫಿ ಗಿಡ ಅಲ್ಲಿ ಹೂ ಬಿಟ್ಟಿರುತ್ತದೆ. ಅರ್ಜಿ ಹಾಕಿದ ಅಪ್ಪಂದಿರು ಹೋಗಿ, ಅದನ್ನು ಬೆನ್ನಟ್ಟುವ ಕೆಲಸ ಮಕ್ಕಳಿಗೆ ಬಂದಿದೆ.

ಸೈನಿಕರಿಗೆ ರಿಯಾಯಿತಿ ದರದಲ್ಲಿ ಸಾಮಾನು ಸಿಗುವ ಕ್ಯಾಂಟೀನಿನ ಬಗ್ಗೆ ಬರೆಯದಿದ್ದರೆ ಸದಸ್ಯರು ನನ್ನನ್ನು ಕ್ಷಮಿಸಲಾರರು. ಸಂಘದ ಸಭೆಯಲ್ಲಿ ಅತಿ ಹೆಚ್ಚು ಬಿಸಿ ಚರ್ಚೆ ನಡೆದಿರುವುದು ಪಿಂಚಣಿಯ ಮೇಲಲ್ಲ, ರಮ್ಮಿನ ಕೋಟಾದ ಮೇಲೆ. ಅದನ್ನು ನಗೆಯ ವಿಷಯವೆಂದು ತಳ್ಳಿಹಾಕುವವರಿಗೆ ಒಂದು ಮಾತು: ತಿಂಗಳಿಗೊಮ್ಮೆ ಕ್ಯಾಂಟೀನಿಗೆ ಹೋಗುವ ನೆಪದಲ್ಲಿಯೇ ಹಳೆಯ ಜೊತೆಗಾರರು ಒಬ್ಬರನ್ನೊಬ್ಬರು ಕಾಣುತ್ತಿದ್ದರು, ಯಾರಿಗೆ ಹುಷಾರಿಲ್ಲ ಎಂಬ ಸುದ್ದಿ ಸಂಘಕ್ಕೆ ತಲುಪುತ್ತಿದ್ದುದೂ ಆ ಸಾಲಿನಿಂದಲೇ. 2003ರ ಏಪ್ರಿಲ್‌ನಲ್ಲಿ ಇಸಿಎಚ್‌ಎಸ್ ಆರೋಗ್ಯ ಯೋಜನೆ ಜಾರಿಗೆ ಬಂದ ಮೇಲೆ ಕಾಯಿಲೆಯ ಖರ್ಚಿಗೆ ಸಂಘದ ಸಾಲಕ್ಕಾಗಿ ಬರುವವರು ಕಡಿಮೆಯಾದರು. ಆದರೆ ಅದೂ ಆಗ ಪಿಂಚಣಿ ಇದ್ದವರಿಗೆ ಮಾತ್ರ ಇತ್ತು. ಮಹಾಯುದ್ಧದ ಕಾಲದ ಉಳಿದ ಒಬ್ಬಿಬ್ಬರು ಹಿರಿಯರಿಗೆ ರಾಜ್ಯ ಸರ್ಕಾರದ ಮಾಸಿಕ ಸಹಾಯಧನವೇ ಆಧಾರವಾಗಿತ್ತು, ಅದನ್ನು ತಂದುಕೊಡುವ ಕೆಲಸ ಮಡಿಕೇರಿಯ ಸೈನಿಕ ಕಲ್ಯಾಣ ಇಲಾಖೆ ಮತ್ತು ಸಂಘದ ನಡುವೆ ಓಡಾಡಿ ಆಗುತ್ತಿತ್ತು.

2015ರ ಜೂನ್‌ನಲ್ಲಿ ದೆಹಲಿಯ ಜಂತರ್ ಮಂತರ್‌ನಲ್ಲಿ ಸಮಾನ ಶ್ರೇಣಿಗೆ ಸಮಾನ ಪಿಂಚಣಿಗಾಗಿ ಧರಣಿ ಆರಂಭವಾದಾಗ ನಮ್ಮ ಸಂಘದಿಂದಲೂ ಹೋಗಬೇಕೆಂಬ ಮಾತು ಎದ್ದಿತು. ಹೋದವರು ಕೆಲವರು, ಉಳಿದವರು ಜಿಲ್ಲಾಧಿಕಾರಿಗಳಿಗೆ ಮನವಿ ಕೊಟ್ಟರು. ಒಂದೇ ಶ್ರೇಣಿಯಲ್ಲಿ ಒಂದೇ ಅವಧಿಯ ಸೇವೆ ಮಾಡಿ ಬೇರೆ ಬೇರೆ ವರ್ಷ ನಿವೃತ್ತರಾದ ಇಬ್ಬರ ಪಿಂಚಣಿಯಲ್ಲಿ ಅಂತರವಿರಬಾರದು ಎಂಬ ಬೇಡಿಕೆ ಹಳೆಯದು. 2011ರಲ್ಲಿ ಸಂಸತ್ತಿನ ಕೋಶಿಯಾರಿ ಸಮಿತಿಯೂ ಅದನ್ನು ಎತ್ತಿ ಹಿಡಿದಿತ್ತು. 2015ರ ಸೆಪ್ಟೆಂಬರ್ 5ರಂದು ಘೋಷಣೆಯಾಗಿ, 2014ರ ಜುಲೈ 1ರಿಂದ ಪೂರ್ವಾನ್ವಯವಾಯಿತು. ಬಾಕಿ ಮೊತ್ತ ಸೈನಿಕರಿಗೆ ನಾಲ್ಕು ಅರ್ಧವಾರ್ಷಿಕ ಕಂತುಗಳಲ್ಲಿ, ಕುಟುಂಬ ಪಿಂಚಣಿದಾರರಿಗೆ ಒಂದೇ ಕಂತಿನಲ್ಲಿ ಬಂತು. ಪ್ರತಿ ವರ್ಷವೂ ಪರಿಷ್ಕರಣೆ ಆಗಬೇಕೆಂದು ಕೇಳಿದ್ದವರಿಗೆ ಸಿಕ್ಕಿದ್ದು ಐದು ವರ್ಷಕ್ಕೊಮ್ಮೆಯ ಪರಿಷ್ಕರಣೆ. ನಮ್ಮಲ್ಲಿ ಹೆಚ್ಚಿನವರು ಅಷ್ಟಕ್ಕೇ ಸಮಾಧಾನಪಟ್ಟರು, ಬ್ಯಾಂಕಿನ ಪಾಸ್‌ಬುಕ್ ತಂದು ಸಂಘದಲ್ಲಿ ಲೆಕ್ಕ ಹಾಕಿಸಿಕೊಂಡು ಹೋದರು.

2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಮಕ್ಕಂದೂರು, ಕಾಲೂರು, ಜೋಡುಪಾಲದ ಕಡೆಯ ಮನೆಗಳ ಜೊತೆ ಎಷ್ಟೋ ಪೆಟ್ಟಿಗೆಗಳೂ ಮಣ್ಣಿನಡಿ ಹೋದವು. ಮಾಜಿ ಸೈನಿಕರು ರಕ್ಷಣೆಗೆ ಬಂದ ಸೇನಾ ತಂಡಗಳಿಗೆ ದಾರಿ ತೋರಿಸಿದ್ದನ್ನು ಎಲ್ಲರೂ ಹೊಗಳಿದರು, ಅದು ಸರಿಯೇ. ಆಮೇಲಿನ ತಿಂಗಳುಗಳಲ್ಲಿ ಪಿಂಚಣಿ ಪುಸ್ತಕ, ಡಿಸ್ಚಾರ್ಜ್ ಬುಕ್, ಇಸಿಎಚ್‌ಎಸ್ ಕಾರ್ಡು ಎಲ್ಲವನ್ನೂ ಕಳೆದುಕೊಂಡು ನಮ್ಮ ಹೋಬಳಿಯ ನೆಂಟರ ಮನೆ ಸೇರಿದ್ದವರಿಗೆ ನಕಲು ಪ್ರತಿಗಳನ್ನು ತರಿಸಿಕೊಡುವ ಕೆಲಸ ಸಂಘದಲ್ಲಿ ನಡೆಯಿತು. ಅದರ ಬಗ್ಗೆ ಎಲ್ಲಿಯೂ ವರದಿಯಾಗಲಿಲ್ಲ. ಆಗ ನೆರವಿಗೆ ಬಂದದ್ದು ಹಳೆಯ ಕಾರ್ಯದರ್ಶಿ ಅಂಚಿನಲ್ಲಿ ಬರೆದಿಟ್ಟಿದ್ದ ಅದೇ ಟ್ರಂಕಿನ ನಂಬರುಗಳು.

ಈಗ ಪಿಂಚಣಿಯೆಲ್ಲ ‘ಸ್ಪರ್ಶ್’ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿದೆ. ಅಲಹಾಬಾದ್ ಪ್ರಯಾಗರಾಜ್ ಆಗಿದೆ, ಪತ್ರ ಹಾಕುವ ಕಾಲ ಹೋಗಿದೆ. ಆದರೆ ನವೆಂಬರ್ ಬಂದರೆ ಜೀವಂತ ಪ್ರಮಾಣಪತ್ರದ ಗಡಿಬಿಡಿ ತಪ್ಪಿದ್ದಲ್ಲ. ತೋಟದ ಕೆಲಸ ಮಾಡಿ ಮಾಡಿ ಸವೆದ ಎಂಬತ್ತರ ಬೆರಳಿನ ಗುರುತನ್ನು ಯಂತ್ರ ಒಪ್ಪುವುದಿಲ್ಲ, ಮುಖ ತೋರಿಸಿ ಮಾಡುವ ವಿಧಾನಕ್ಕೆ ನೆಟ್‌ವರ್ಕ್ ಬೇಕು, ನೆಟ್‌ವರ್ಕ್ ಇರುವುದು ಗುಡ್ಡದ ನೆತ್ತಿಯಲ್ಲಿ. ಮೊಮ್ಮಕ್ಕಳು ಜೀಪಿನಲ್ಲಿ ಅಜ್ಜನನ್ನು ಮೇಲಕ್ಕೆ ಕರೆದೊಯ್ದು ಮೊಬೈಲಿನ ಮುಂದೆ ಕಣ್ಣು ಮಿಟುಕಿಸಲು ಹೇಳುತ್ತಾರೆ. ಸಂಘದ ಈಗಿನ ಕಾರ್ಯದರ್ಶಿ ಸಿಗ್ನಲ್ಸ್‌ನಿಂದ ಬಂದವರು. ಹಳಬರ ನಡಾವಳಿಯನ್ನು ಅವರೂ ಓದಿದ್ದಾರೆ, ಹೆಸರಿನ ವ್ಯತ್ಯಾಸವೆಂಬ ರೋಗ ಕಂಪ್ಯೂಟರಿನಲ್ಲಿ ಇನ್ನೂ ಹಟಮಾರಿಯಾಗಿದೆ ಎನ್ನುತ್ತಾರೆ. ಗುಮಾಸ್ತನಿಗಾದರೆ ವಿವರಿಸಿ ಹೇಳಬಹುದಿತ್ತು.

ಸದ್ಯ ಸಂಘದ ಮುಂದಿರುವ ಪ್ರಶ್ನೆ ಅಗ್ನಿವೀರರದು. 2022ರ ಜೂನ್‌ನಲ್ಲಿ ಘೋಷಣೆಯಾದ ಅಗ್ನಿಪಥ ಯೋಜನೆಯಲ್ಲಿ ಸೇರುವವರ ಸೇವೆ ನಾಲ್ಕು ವರ್ಷ. ಒಂದು ತಂಡದಲ್ಲಿ ಶೇ. 25ರವರೆಗೆ ಮಾತ್ರ ಮುಂದಕ್ಕೆ ಉಳಿಸಿಕೊಳ್ಳುತ್ತಾರೆ. ಉಳಿದವರಿಗೆ ಸೇವಾನಿಧಿಯ ಇಡುಗಂಟು ಸಿಗುತ್ತದೆ, ಪಿಂಚಣಿ ಇಲ್ಲ, ಇಸಿಎಚ್‌ಎಸ್ ಇಲ್ಲ, ಕ್ಯಾಂಟೀನ್ ಇಲ್ಲ, ನಿಯಮದ ಪ್ರಕಾರ ಮಾಜಿ ಸೈನಿಕ ಎಂಬ ಸ್ಥಾನಮಾನವೂ ಇಲ್ಲ. ನಮ್ಮ ಹೋಬಳಿಯಿಂದ ಹೋದ ಹುಡುಗರಿದ್ದಾರೆ; ಅವರು ಮರಳಿದಾಗ ಸದಸ್ಯತ್ವ ಕೊಡಬಹುದೇ ಎಂಬುದು ಮಹಾಸಭೆಯ ವಿಷಯಪಟ್ಟಿಯಲ್ಲಿದೆ. ಸರ್ಕಾರ ಮಾಜಿ ಸೈನಿಕರೆಂದು ಒಪ್ಪದವರನ್ನು ಸೇರಿಸಿಕೊಂಡರೆ ಸಂಘದ ಮಾತಿಗೆ ಕಚೇರಿಗಳಲ್ಲಿ ಬೆಲೆ ಇಳಿಯುತ್ತದೆ, ಅವರ ಅರ್ಜಿಗಳಿಗೆ ಕೊಡಲು ನಮ್ಮ ಬಳಿ ಉತ್ತರವೂ ಇರುವುದಿಲ್ಲ ಎಂಬುದು ಕಾರ್ಯದರ್ಶಿಯವರ ವಾದ, ಅದರಲ್ಲಿ ಹುರುಳಿಲ್ಲದೇ ಇಲ್ಲ. ಆದರೆ ಬೈಲಾದ ಮೊದಲ ಕಲಮನ್ನು ಯಾರೂ ಈವರೆಗೆ ತಿದ್ದಿಲ್ಲ, ಅದನ್ನು ಬರೆದವರು ನಾಲ್ಕೈದು ವರ್ಷ ದುಡಿದು ಪಿಂಚಣಿಯಿಲ್ಲದೆ ಬಂದವರು ಎಂದು ನಾನು ಸಮಿತಿಗೆ ಬರೆದು ತಿಳಿಸಿದ್ದೇನೆ. ಆ ಕಲಮಿನ ಪ್ರಕಾರವೇ ಹುಡುಗರಿಗೆ ಸದಸ್ಯತ್ವ ಕೊಡಬೇಕೆಂಬುದು ನನ್ನ ಅಭಿಪ್ರಾಯ. ಸದಸ್ಯನಲ್ಲದ ನನಗೆ ಮತವಿಲ್ಲ. ಮಳೆ ಬಿಟ್ಟ ಮೇಲೆ ಸಂತೆಯ ದಿನವೊಂದರಲ್ಲಿ ಮಹಾಸಭೆ ನಡೆಯಲಿದೆ, ಖಜಾಂಚಿಯವರು ಆಗಲೇ ಮನೆ ಮನೆಗೆ ನೋಟೀಸು ತಲುಪಿಸುತ್ತಿದ್ದಾರೆ.